ಪದ ಯಾರದು, ಬಾಯಿ ಯಾರದು

ಹೊಸೂರು, ತಳಿ, ಕೆಲಮಂಗಲ, ಬಾಗಲೂರು ಕಡೆಯ ಹುಡುಗರು ಈಗ ರ‍್ಯಾಪ್ ಕಟ್ಟುತ್ತಾರೆ. ಮನೆಯಲ್ಲಿ ಕನ್ನಡ, ಸ್ಕೂಲಿನಲ್ಲಿ ತಮಿಳು, ಅಂಗಡಿ ಬೀದಿಯಲ್ಲಿ ತೆಲುಗು, ಸಿಪ್‌ಕಾಟ್ ಕಾರ್ಖಾನೆಗಳ ಗೇಟಿನೊಳಗೆ ಹಿಂದಿ. ಒಂದು ಉಸಿರು ಮುಗಿಯುವುದರೊಳಗೆ ಇಷ್ಟೂ ಭಾಷೆ ದಾಟಿಬಿಡುವ ನಾಲಗೆ ಅವರದು. ಅವರಲ್ಲಿ ಕೆಲವರು ನನ್ನನ್ನು ಕೇಳುವುದುಂಟು: ಇದೆಲ್ಲ ಶುರುವಾಗಿದ್ದು ಯಾವ ಹಾಡಿನಿಂದ? ಆ ಹಾಡಿಗೆ ಏನಾದರೂ ಅರ್ಥ ಇದೆಯಾ, ಇಲ್ಲ ಬರೀ ಕುಣಿಯೋದಕ್ಕಾ?

ಈ ಪ್ರಶ್ನೆಗೆ ಬಲ್ಲವರೆಲ್ಲ ಹೆಸರಿಸುವುದು ‘ರ‍್ಯಾಪರ್ಸ್ ಡಿಲೈಟ್’ ಹಾಡನ್ನು. 1979ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಎಂಗಲ್‌ವುಡ್ ಎಂಬ ಊರಿನಿಂದ ಶುಗರ್‌ಹಿಲ್ ರೆಕಾರ್ಡ್ಸ್ ಹೊರತಂದ ಡಿಸ್ಕು ಅದು. ಹಾಡಿದವರು ಮೂವರು: ವಂಡರ್ ಮೈಕ್, ಬಿಗ್ ಬ್ಯಾಂಕ್ ಹ್ಯಾಂಕ್, ಮಾಸ್ಟರ್ ಜೀ. ಮೂವರಿಗೂ ಸೇರಿ ಕಂಪನಿ ಇಟ್ಟ ಹೆಸರು ಶುಗರ್‌ಹಿಲ್ ಗ್ಯಾಂಗ್. ದೊಡ್ಡ ಡಿಸ್ಕಿನಲ್ಲಿದ್ದ ಪೂರ್ತಿ ಹಾಡು 14 ನಿಮಿಷ ದಾಟುತ್ತದೆ. ಅದೇ ವರ್ಷ ಫ್ಯಾಟ್‌ಬ್ಯಾಕ್ ಬ್ಯಾಂಡ್ ಎಂಬ ತಂಡದ ಇನ್ನೊಂದು ರ‍್ಯಾಪ್ ಡಿಸ್ಕು ಸ್ವಲ್ಪ ಮುಂಚೆಯೇ ಬಂದಿತ್ತು. ಆದರೂ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 36ನೆಯ ಸ್ಥಾನಕ್ಕೆ, ಬ್ರಿಟನ್ನಿನ ಪಟ್ಟಿಯಲ್ಲಿ 3ನೆಯ ಸ್ಥಾನಕ್ಕೆ ಏರಿ, ರ‍್ಯಾಪ್ ಅಂದರೇನು ಅಂತ ಜಗತ್ತಿಗೆ ತಿಳಿಸಿದ್ದು ಇದೇ ಹಾಡು.

ಅರ್ಥದ ಮಾತಿಗೆ ಬರೋಣ. ಹಾಡು ಶುರುವಾಗುವುದೇ ಅರ್ಥವಿಲ್ಲದ ಸದ್ದುಗಳಿಂದ. ಆ ಸದ್ದುಗಳ ಗುಟ್ಟೇನು ಅಂತ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಗೀಗೀ ಮೇಳದಲ್ಲಿ ಮುಂದಾಳು ಒಂದು ನುಡಿ ಮುಗಿಸುತ್ತಲೇ ಹಿಂದಿನವರು ‘ಗೀ ಗೀ’ ಅಂತ ಎತ್ತಿಕೊಳ್ಳುತ್ತಾರಲ್ಲ, ಅದರ ಕೆಲಸವೇ ಇದರದೂ. ಉಸಿರು ತೆಗೆದುಕೊಳ್ಳಲು ಜಾಗ, ತಾಳ ತಪ್ಪದಂತೆ ಹಿಡಿಯಲು ಹಿಡಿಕೆ, ಕೇಳುವವರು ತಾವೂ ದನಿ ಕೂಡಿಸಲು ತೆರೆದ ಬಾಗಿಲು. ಆಮೇಲೆ ಮೂವರೂ ಸರದಿ ಹಿಡಿದು ತಮ್ಮ ತಮ್ಮ ಬಡಾಯಿ ಕೊಚ್ಚುತ್ತಾರೆ. ನನ್ನಷ್ಟು ಸೊಗಸುಗಾರ ಇಲ್ಲ, ನನ್ನ ಹತ್ತಿರ ಇರುವಷ್ಟು ಬಟ್ಟೆಬರೆ, ಕಾರು ಯಾರ ಹತ್ತಿರವೂ ಇಲ್ಲ, ಹೆಣ್ಣುಗಳೆಲ್ಲ ನನ್ನ ಹಿಂದೆಯೇ ಅಂತ. ಕತೆಗಳೂ ಬರುತ್ತವೆ. ಒಬ್ಬ ಸೂಪರ್‌ಮ್ಯಾನ್‌ನ ಗೆಳತಿ ಲೋಯಿಸ್ ಲೇನಳಿಗೇ ಗಾಳ ಹಾಕಿ, ಆಕಾಶದಲ್ಲಿ ಹಾರಾಡುವ ಆ ನಿನ್ನ ಗಂಡಾಳಿನ ಉಡುಪು ನೋಡು ಅಂತ ಆಡಿಕೊಳ್ಳುತ್ತಾನೆ. ಇನ್ನೊಬ್ಬ ಗೆಳೆಯನ ಮನೆಗೆ ಊಟಕ್ಕೆ ಹೋಗಿ ಪಟ್ಟ ಪಾಡು ಹೇಳುತ್ತಾನೆ. ಬಡಿಸಿದ ಯಾವುದೂ ಬಾಯಿಗಿಡುವಂತಿಲ್ಲ, ಕೋಳಿ ಕಟ್ಟಿಗೆಯ ಹಾಗಿದೆ. ಮರ್ಯಾದೆಗೆ ಸಾಕು ಸಾಕು ಅಂದರೆ ಗೆಳೆಯ ಇವನಿಗೆ ಸಂಕೋಚ ಅಂದುಕೊಂಡು ಇನ್ನಷ್ಟು ಒತ್ತಾಯ ಮಾಡುತ್ತಾನೆ. ಕೊನೆಗೆ ಇವನು ಎದ್ದು ಹೊಟ್ಟೆಯ ಔಷಧಿಗೆ ಓಡುತ್ತಾನೆ.

ಇಷ್ಟೇ. ಒಳಗೆ ತತ್ವ ಅಡಗಿಲ್ಲ, ಬಂಡಾಯದ ಕರೆಯೂ ಇಲ್ಲ. ಇದು ಸಂತೋಷಕೂಟದ ಹಾಡು, ಬಂದವರನ್ನು ರಾತ್ರಿಯಿಡೀ ಕುಣಿಸುವುದೇ ಅದರ ಉದ್ದೇಶ. ಆದರೆ ಆ ಸಂತೋಷ ಎಂಥ ನೆಲದಲ್ಲಿ ಹುಟ್ಟಿತು ಅಂತ ತಿಳಿದರೆ, ಕುಣಿತವೇ ಒಂದು ದೊಡ್ಡ ಅರ್ಥ ಅಂತ ನಾನು ಮನಸಾರೆ ನಂಬುತ್ತೇನೆ.

ನ್ಯೂಯಾರ್ಕ್ ನಗರದ ಉತ್ತರಕ್ಕೆ ಬ್ರಾಂಕ್ಸ್ ಎಂಬ ಭಾಗವಿದೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅದರ ನಟ್ಟನಡುವೆ ಒಂದು ಹೆದ್ದಾರಿ ಸೀಳಿದರು. ಮನೆ ಕಳೆದುಕೊಂಡವರು ಸಾವಿರಾರು. ಕೈಯಲ್ಲಿ ಕಾಸಿದ್ದವರು ಊರು ಬಿಟ್ಟರು, ಉಳಿದವರು ಕರಿಯರು, ಪೋರ್ಟೊರಿಕೊದಿಂದ ಬಂದವರು, ಬಡವರು. 1970ರ ದಶಕದಲ್ಲಿ ಅಲ್ಲಿನ ಕಟ್ಟಡಗಳು ಒಂದಾದ ಮೇಲೊಂದು ಸುಟ್ಟವು. ಬೀದಿಗೆ ಬೀದಿಯೇ ಬೂದಿಯಾಗಿ ನಿಂತ ಚಿತ್ರಗಳು ಇಂದಿಗೂ ಸಿಗುತ್ತವೆ. ಆ ಊರಿನ ಸೆಡ್ಜ್‌ವಿಕ್ ಅವೆನ್ಯೂವಿನ 1520ನೆಯ ನಂಬರಿನ ವಠಾರದ ಕೆಳಗಿನ ಹಾಲಿನಲ್ಲಿ 1973ರ ಆಗಸ್ಟ್ 11ರ ರಾತ್ರಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಒಂದು ಪಾರ್ಟಿ ಇಟ್ಟಳು. ಸ್ಕೂಲು ಶುರುವಾಗುವುದರೊಳಗೆ ಹೊಸ ಬಟ್ಟೆಗೆ ದುಡ್ಡು ಹೊಂದಿಸಿಕೊಳ್ಳಬೇಕು ಅನ್ನುವುದು ಅವಳ ಲೆಕ್ಕ. ಹುಡುಗಿಯರಿಗೆ 25 ಸೆಂಟ್ಸ್, ಹುಡುಗರಿಗೆ 50. ಹಾಡು ಹಾಕಿದವನು ಅವಳ ಅಣ್ಣ ಕ್ಲೈವ್. ಬೀದಿಯವರು ಅವನನ್ನು ಕರೆಯುತ್ತಿದ್ದುದು ಕೂಲ್ ಹರ್ಕ್ ಅಂತ.

ಹರ್ಕ್ ಹುಟ್ಟಿದ್ದು ಜಮೈಕಾದ ಕಿಂಗ್‌ಸ್ಟನ್ ನಗರದಲ್ಲಿ. ಅಲ್ಲಿ ರೇಡಿಯೋದವರು ಹಾಕದ ಹಾಡನ್ನು ಬಯಲಿನಲ್ಲಿ ದೊಡ್ಡ ಸ್ಪೀಕರ್ ಜೋಡಿಸಿ ಕೇಳಿಸುವ ಸೌಂಡ್ ಸಿಸ್ಟಮ್‌ಗಳಿದ್ದವು. ನಮ್ಮ ಕಡೆ ಜಾತ್ರೆಗೆ, ಗೃಹಪ್ರವೇಶಕ್ಕೆ, ಹೆಣ್ಣುಮಕ್ಕಳ ಆರತಿಗೆ ಮೈಕ್‌ಸೆಟ್ ಕಟ್ಟುವ ಸೌಂಡ್ ಸರ್ವಿಸಿನವನನ್ನು ನೆನೆದುಕೊಂಡರೆ ಅದು ತಟ್ಟನೆ ಅರ್ಥವಾಗುತ್ತದೆ. ತೆಂಗಿನ ಮರಕ್ಕೆ ಹಾರ್ನ್ ಕಟ್ಟಿ, ಬೆಳಗಿನ ಜಾವ ದೇವರ ಪದದಿಂದ ಹಿಡಿದು ರಾತ್ರಿ ಸಿನಿಮಾ ಪಾಟಿನವರೆಗೆ ಊರಿನ ಕಿವಿಯನ್ನು ಆಳುತ್ತಿದ್ದವನು ಅವನೇ. ಯಾವ ಹಾಡು ಹಾಕಬೇಕು, ಯಾರ ಹೆಸರು ಕೂಗಬೇಕು, ಎಷ್ಟು ಜೋರಾಗಿ ಕೇಳಿಸಬೇಕು ಅನ್ನುವುದೆಲ್ಲ ಅವನ ಕೈಯಲ್ಲಿ. ಕಿಂಗ್‌ಸ್ಟನ್ನಿನ ಸೌಂಡ್ ಸಿಸ್ಟಮಿನವರು ಇದರ ಜತೆಗೆ ಹಾಡಿನ ಮೇಲೆಯೇ ಪ್ರಾಸ ಕಟ್ಟಿ ಮಾತಾಡುತ್ತಿದ್ದರು. ಹರ್ಕ್ ಆ ರೂಢಿಯನ್ನು ಬ್ರಾಂಕ್ಸಿಗೆ ತಂದ.

ಅವನು ಇನ್ನೊಂದನ್ನೂ ಕಂಡುಕೊಂಡಿದ್ದ. ಜನ ಮೈಮರೆತು ಕುಣಿಯುವುದು ಹಾಡಿನ ಪಲ್ಲವಿಗೂ ಅಲ್ಲ, ಚರಣಕ್ಕೂ ಅಲ್ಲ. ಹಾಡುಗಾರ ಸುಮ್ಮನಾಗಿ ಬರೀ ಡ್ರಮ್ಮೂ ಬೇಸೂ ನುಡಿಯುವ ಆ ಕೆಲವೇ ಕ್ಷಣಗಳಿಗೆ. ಅದೇ ಬ್ರೇಕ್. ಒಂದೇ ಡಿಸ್ಕಿನ ಎರಡು ಪ್ರತಿ ತಂದು, ಎರಡು ಟರ್ನ್‌ಟೇಬಲ್ ಮೇಲಿಟ್ಟು, ಒಂದರ ಬ್ರೇಕ್ ಮುಗಿಯುವಷ್ಟರಲ್ಲಿ ಇನ್ನೊಂದರ ಬ್ರೇಕ್ ಹತ್ತಿಸಿದರೆ ಆ ಕ್ಷಣಗಳನ್ನು ಎಷ್ಟು ಹೊತ್ತು ಬೇಕಾದರೂ ಎಳೆಯಬಹುದು. ಹೀಗೆ ಎಳೆದ ತಾಳದ ಮೇಲೆ ಹರ್ಕ್‌ನ ಗೆಳೆಯ ಕೋಕ್ ಲಾ ರಾಕ್ ಮೈಕ್ ಹಿಡಿದು ಬಂದವರ ಹೆಸರು ಕೂಗಿ, ಮಾತಿಗೆ ಮಾತು ಜೋಡಿಸಿ ಹುರಿದುಂಬಿಸುತ್ತಿದ್ದ. ಕರಿಯರ ರೇಡಿಯೋ ನಿರೂಪಕರು ಅದಕ್ಕೂ ಮುಂಚಿನಿಂದ ಪ್ರಾಸದಲ್ಲೇ ಮಾತಾಡುತ್ತಿದ್ದರು. ಬೀದಿಬದಿಯ ಬಡಾಯಿ ಪದಗಳೂ ಇದ್ದವು. ಅದೆಲ್ಲ ಬಂದು ಇಲ್ಲಿ ಕೂಡಿತು. ಮುಂದೆ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್, ಆಫ್ರಿಕಾ ಬಂಬಾಟಾ ಮೊದಲಾದವರು ಇದನ್ನು ಒಂದು ಕಲೆಯ ಮಟ್ಟಕ್ಕೆ ಏರಿಸಿದರು. ಆರು ವರ್ಷ ಇಷ್ಟೂ ನಡೆದದ್ದು ಪಾರ್ಕುಗಳಲ್ಲಿ, ವಠಾರದ ಹಾಲುಗಳಲ್ಲಿ, ಕ್ಯಾಸೆಟ್ಟುಗಳಲ್ಲಿ. ಇದನ್ನು ಡಿಸ್ಕಿಗೆ ಹಾಕಬಹುದು ಅಂತ ಬ್ರಾಂಕ್ಸಿನವರಿಗೇ ಅನ್ನಿಸಿರಲಿಲ್ಲ. ರಾತ್ರಿಯಿಡೀ ಸಾಗುವುದನ್ನು ಒಂದು ತಟ್ಟೆಗೆ ತುಂಬುವುದು ಹೇಗೆ?

ಆ ಧೈರ್ಯ ಮಾಡಿದವರು ಸಿಲ್ವಿಯಾ ರಾಬಿನ್ಸನ್. 1950ರ ದಶಕದಲ್ಲೇ ಜೋಡಿ ಹಾಡುಗಾರ್ತಿಯಾಗಿ ಹೆಸರಾಗಿದ್ದವರು, 1973ರಲ್ಲಿ ಒಂಟಿಯಾಗಿ ಹಾಡಿ ಮತ್ತೆ ಗೆದ್ದವರು. 1979ರ ಹೊತ್ತಿಗೆ ಅವರೂ ಗಂಡ ಜೋ ಕೂಡ ನಡೆಸುತ್ತಿದ್ದ ಕಂಪನಿ ಸಾಲದಲ್ಲಿ ಮುಳುಗಿತ್ತು. ಹಾರ್ಲೆಮ್‌ನ ಒಂದು ಕ್ಲಬ್ಬಿನಲ್ಲಿ ಒಬ್ಬ ಡಿಜೆ ಹಾಡಿನ ಮೇಲೆ ಮಾತು ಹೆಣೆಯುವುದನ್ನೂ ಜನ ಅದಕ್ಕೆ ದನಿಗೂಡಿಸುವುದನ್ನೂ ಸಿಲ್ವಿಯಾ ಕಂಡರು. ಇದನ್ನು ಡಿಸ್ಕು ಮಾಡಿಯೇ ತೀರುತ್ತೇನೆ ಅಂತ ನಿಶ್ಚಯಿಸಿದರು. ಗಂಡಸರೇ ತುಂಬಿದ್ದ ಆ ಉದ್ಯಮದಲ್ಲಿ ಒಬ್ಬ ಕರಿಯ ಹೆಂಗಸು ಮಾಡಿದ ಈ ಸಾಹಸಕ್ಕೆ ನನಗೆ ಬಹಳ ಗೌರವ ಇದೆ. ಮುಂದೆ 1982ರಲ್ಲಿ ಬಡವರ ಬೀದಿಯ ನರಕವನ್ನು ನೇರವಾಗಿ ಹಾಡಿದ ‘ದ ಮೆಸೇಜ್’ ಬಂದದ್ದೂ ಅವರ ಹಟದಿಂದಲೇ. ಕಟ್ಟಿದ ಮೂವರ ತಂಡ ಮಾತ್ರ ಬ್ರಾಂಕ್ಸಿನ ಪಾರ್ಟಿಗಳಲ್ಲಿ ಹೆಸರಾದವರದ್ದಾಗಿರಲಿಲ್ಲ. ಎಂಗಲ್‌ವುಡ್‌ನ ಒಂದು ಪಿಜ್ಜಾ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಹ್ಯಾಂಕ್‌ನನ್ನು ಹುಡುಕಿದವನು ಸಿಲ್ವಿಯಾ ಅವರ ಮಗ. ಹ್ಯಾಂಕ್ ಅಂಗಡಿಯ ಹೊರಗೆ ಕಾರಿನಲ್ಲಿ ಕೂತು ಹಾಡಿ ತೋರಿಸಿದ. ಅಲ್ಲಿಗೇ ಬಂದ ಇನ್ನಿಬ್ಬರೂ ಸೇರಿಕೊಂಡರು. ಹಿಂದಿನ ದಿನದವರೆಗೆ ತಂಡ ಅನ್ನುವುದೇ ಇರಲಿಲ್ಲ.

ತಾಳಕ್ಕೆ ಆರಿಸಿಕೊಂಡದ್ದು ಶೀಕ್ ತಂಡದ ‘ಗುಡ್ ಟೈಮ್ಸ್’. ಅದೇ ಬೇಸಿಗೆಯಲ್ಲಿ ಅಮೆರಿಕದ ನಂಬರ್ ಒನ್ ಹಾಡು. ನೈಲ್ ರಾಜರ್ಸ್ ಗಿಟಾರು, ಬರ್ನಾರ್ಡ್ ಎಡ್ವರ್ಡ್ಸ್ ಬೇಸ್. ಅವರ ಡಿಸ್ಕಿನಿಂದಲೇ ಕತ್ತರಿಸಿ ಅಂಟಿಸುವ ಯಂತ್ರಗಳು ಆಗ ಇರಲಿಲ್ಲ. ಹಾಗಾಗಿ ಸ್ಟುಡಿಯೋದಲ್ಲಿ ವಾದ್ಯದವರೇ ಕೂತು ಆ ಬೇಸನ್ನು ಕಾಲು ಗಂಟೆ ಒಂದೇ ಸಮನೆ, ತಪ್ಪಿಲ್ಲದೆ ನುಡಿಸಬೇಕಾಯಿತು. ನುಡಿಸಿದ ಚಿಪ್ ಶಿಯರಿನ್‌ಗೆ ಆಗ ಹದಿನೇಳು ವರ್ಷ, ಸಿಕ್ಕಿದ್ದು 70 ಡಾಲರ್ ಅಂತ ಆತನೇ ಮುಂದೆ ಹೇಳಿಕೊಂಡಿದ್ದಾನೆ. ಡಿಸ್ಕು ಲಕ್ಷಗಟ್ಟಲೆ ಮಾರಿತು.

ಇಷ್ಟೆಲ್ಲ ಹೇಳಿದರೂ ಈ ಹಾಡಿನ ನಿಜವಾದ ಕತೆ ಇನ್ನೂ ಬಂದಿಲ್ಲ. ಅದು ಹ್ಯಾಂಕ್‌ನ ಸರದಿಯಲ್ಲಿದೆ. ತನ್ನನ್ನು ಪರಿಚಯಿಸಿಕೊಳ್ಳುವಾಗ ಅವನು ಒಂದು ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳುತ್ತಾನೆ. ಆ ಅಕ್ಷರಗಳನ್ನು ಕೂಡಿಸಿದರೆ ಸಿಗುವುದು ಹ್ಯಾಂಕ್ ಅಲ್ಲ, ಕ್ಯಾಸನೋವಾ ಫ್ಲೈ. ಅದು ಬ್ರಾಂಕ್ಸಿನ ಕರ್ಟಿಸ್ ಬ್ರೌನ್ ಎಂಬ ಹುಡುಗ ಪಾರ್ಟಿಗಳಲ್ಲಿ ಇಟ್ಟುಕೊಂಡಿದ್ದ ಹೆಸರು. ಮುಂದೆ ಅವನೇ ಗ್ರ್ಯಾಂಡ್‌ಮಾಸ್ಟರ್ ಕ್ಯಾಸ್ ಎಂದು ಪ್ರಸಿದ್ಧನಾದ. ಹ್ಯಾಂಕ್ ಅವನ ತಂಡದ ವ್ಯವಹಾರ ನೋಡಿಕೊಳ್ಳುತ್ತಿದ್ದ ಗೆಳೆಯ. ಪಿಜ್ಜಾ ಹಿಟ್ಟು ತಟ್ಟುವಾಗ ಕ್ಯಾಸ್‌ನ ಕ್ಯಾಸೆಟ್ ಹಾಕಿಕೊಂಡು ಜತೆಗೆ ಗುನುಗುತ್ತಿದ್ದ. ಡಿಸ್ಕಿನ ಅವಕಾಶ ಬಂದಾಗ ಪದ ಬೇಕಲ್ಲ ಅಂತ ಕ್ಯಾಸ್ ಹತ್ತಿರ ಹೋದ. ಕ್ಯಾಸ್ ತನ್ನ ಪದಗಳ ನೋಟ್‌ಬುಕ್ಕನ್ನೇ ಮುಂದಿಟ್ಟು, ಬೇಕಾದ್ದು ತಗೋ ಅಂದ. ಇದು ಕ್ಯಾಸ್ ತಾನೇ ಹೇಳುವ ಮಾತು. ಹ್ಯಾಂಕ್ ಆ ಪದಗಳನ್ನು ಇದ್ದ ಹಾಗೇ ತೆಗೆದುಕೊಂಡ. ಅದರೊಳಗಿದ್ದ ಹೆಸರನ್ನೂ ಬದಲಾಯಿಸಲಿಲ್ಲ.

ನಮಗೆ ಇದು ಎಷ್ಟು ಚೆನ್ನಾಗಿ ಅರ್ಥವಾಗಬೇಕು! ಕನ್ನಡದಲ್ಲಿ ಬಾಯಿಂದ ಬಾಯಿಗೆ ಬಂದ ಪದಕ್ಕೆ ಯಜಮಾನ ಯಾರು ಅಂತ ಹೇಳುವುದು ಅಂಕಿತ. ಕೂಡಲಸಂಗಮದೇವ ಅಂದರೆ ಬಸವಣ್ಣ, ಗುಹೇಶ್ವರ ಅಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಅಂದರೆ ಅಕ್ಕ, ಪುರಂದರವಿಠಲ ಅಂದರೆ ಪುರಂದರದಾಸರು. ನೂರಾರು ವರ್ಷ ಓಲೆಗರಿಯಲ್ಲಿ ಕಲಸಿಹೋಗಿದ್ದ ವಚನಗಳನ್ನು ವಿದ್ವಾಂಸರು ಬಿಡಿಸಿ ಹಂಚಿದ್ದು ಹೆಚ್ಚಾಗಿ ಅಂಕಿತವನ್ನೇ ನಂಬಿ. ಲಾವಣಿಕಾರರಂತೂ ಕೊನೆಯ ನುಡಿಯಲ್ಲಿ ತಮ್ಮ ಊರು, ಗುರು, ಹೆಸರು ಮೂರನ್ನೂ ಹೇಳಿಯೇ ಮುಗಿಸುತ್ತಾರೆ. ಸವಾಲು ಜವಾಬಿನ ಆ ಕಣದಲ್ಲಿ ಎದುರಾಳಿ ನನ್ನ ಪದ ಕದ್ದರೂ ನನ್ನ ಹೆಸರನ್ನೇ ಹಾಡಬೇಕಾಗುತ್ತದೆ. ಪದದೊಳಗೆ ಹೆಸರು ಹೊಲಿದುಬಿಟ್ಟರೆ ಬಿಚ್ಚುವುದು ಸುಲಭವಲ್ಲ. ಪ್ರಾಸ ಕೆಡುತ್ತದೆ, ಲಯ ಕುಂಟುತ್ತದೆ. ಕ್ಯಾಸ್‌ಗೆ ವಚನವೂ ಗೊತ್ತಿಲ್ಲ, ಲಾವಣಿಯೂ ಗೊತ್ತಿಲ್ಲ. ಬಾಯಿಮಾತಿನ ಕವಿ ಎಲ್ಲಿ ಹುಟ್ಟಿದರೂ ತನ್ನ ಹೆಸರು ಉಳಿಸಿಕೊಳ್ಳಲು ಕಂಡುಕೊಳ್ಳುವ ದಾರಿ ಒಂದೇ ಅಂತ ಕಾಣುತ್ತದೆ. ಹಾಗೆ ಜಗತ್ತನ್ನು ಸುತ್ತಿದ ಆ ಡಿಸ್ಕಿನಲ್ಲಿ, ಬೇರೆಯವನ ಬಾಯಿಂದಲೇ, ಕ್ಯಾಸ್‌ನ ಅಂಕಿತ ಉಳಿಯಿತು.

ಅಂಕಿತ ಉಳಿಯಿತು, ದುಡ್ಡು ಬರಲಿಲ್ಲ. ಡಿಸ್ಕಿನ ಮೇಲೆ ಪದಕರ್ತರ ಪಟ್ಟಿಯಲ್ಲಿ ಕ್ಯಾಸ್ ಹೆಸರಿಲ್ಲ, ರಾಯಲ್ಟಿಯೂ ಇಲ್ಲ. ಅದೇ ಹೊತ್ತಿಗೆ ನೈಲ್ ರಾಜರ್ಸ್ ಒಂದು ಕ್ಲಬ್ಬಿನಲ್ಲಿ ಈ ಹಾಡು ಕೇಳಿ, ಇದು ನಮ್ಮ ಬೇಸು ಅಂತ ಗುರುತು ಹಿಡಿದರು. ಕೋರ್ಟಿಗೆ ಹೋಗುತ್ತೇವೆ ಅಂದರು. ಒಪ್ಪಂದವಾಯಿತು, ಹಾಡಿನ ಕರ್ತೃಗಳಾಗಿ ರಾಜರ್ಸ್, ಎಡ್ವರ್ಡ್ಸ್ ಇಬ್ಬರ ಹೆಸರೂ ಸೇರಿತು. ಅದು ನ್ಯಾಯವೇ. ಅವರ ಬಳಿ ದೊಡ್ಡ ಕಂಪನಿಯ ಡಿಸ್ಕು ಇತ್ತು, ಕಾಗದ ಇತ್ತು, ವಕೀಲರಿದ್ದರು. ಕ್ಯಾಸ್ ಬಳಿ ಇದ್ದದ್ದು ಒಂದು ನೋಟ್‌ಬುಕ್ಕು ಮತ್ತು ಬ್ರಾಂಕ್ಸಿನ ಸಾಕ್ಷಿ. ಬ್ರಾಂಕ್ಸಿನಲ್ಲಿ ಇನ್ನೊಬ್ಬನ ಸಾಲು ಎತ್ತಿಕೊಳ್ಳುವುದಕ್ಕೆ ಬೈಟಿಂಗ್ ಅನ್ನುತ್ತಾರೆ, ಅಂದರೆ ಕಚ್ಚಿಕೊಂಡು ಹೋಗುವುದು. ಅಲ್ಲಿ ಅದಕ್ಕಿಂತ ದೊಡ್ಡ ಅವಮಾನ ಇಲ್ಲ. ಆದರೆ ಆ ಕಟ್ಟುಪಾಡು ಬೀದಿಯ ತುದಿಯವರೆಗೆ ಮಾತ್ರ ನಡೆಯುತ್ತಿತ್ತು. ಗೆಳೆತನದಿಂದ ಕೊಟ್ಟದ್ದನ್ನು ಕಳವು ಅನ್ನಲು ನನಗೂ ಮನಸ್ಸು ಬರುವುದಿಲ್ಲ. ಡಿಸ್ಕು ಇಷ್ಟು ಓಡುತ್ತದೆ ಅಂತ ಆ ದಿನ ಇಬ್ಬರಿಗೂ ಗೊತ್ತಿರಲಿಲ್ಲ. ಆದರೆ ಓಡಿದ ಮೇಲೆ ಹೆಸರು ಸೇರಿಸಲು ವರ್ಷಗಟ್ಟಲೆ ಸಮಯವಿತ್ತು. ಯಾರೂ ಸೇರಿಸಲಿಲ್ಲ. ಇದನ್ನು ಅನ್ಯಾಯ ಅನ್ನದೆ ಬೇರೆ ದಾರಿಯಿಲ್ಲ.

ಇದಕ್ಕೆ ಇನ್ನೊಂದು ತಿರುವಿದೆ. ವರ್ಷಗಳು ಕಳೆದ ಮೇಲೆ ವಂಡರ್ ಮೈಕ್, ಮಾಸ್ಟರ್ ಜೀ ಇಬ್ಬರೂ ತಂಡದ ಹೆಸರಿಗೆ, ತಮ್ಮ ಸ್ವಂತ ವೇದಿಕೆಯ ಹೆಸರಿಗೆ ಹಕ್ಕು ಕಳೆದುಕೊಂಡರು. ಅವು ಕಂಪನಿಯವರ ಕೈಯಲ್ಲಿದ್ದವು. ತಾವು ಹಾಡಿದ ಹಾಡನ್ನು ತಮ್ಮ ಹೆಸರಿನಲ್ಲಿ ಹಾಡಲಾಗದೆ ಕಾನೂನಿನ ಜಗಳದಲ್ಲಿ ಬಿದ್ದರು. 2011ರಲ್ಲಿ ಅವರ ಬಗ್ಗೆ ಬಂದ ಸಾಕ್ಷ್ಯಚಿತ್ರದ ಶೀರ್ಷಿಕೆ ‘ಐ ವಾಂಟ್ ಮೈ ನೇಮ್ ಬ್ಯಾಕ್’, ನನ್ನ ಹೆಸರು ನನಗೆ ವಾಪಸ್ ಕೊಡಿ ಅಂತ. ಅದೇ ವರ್ಷ ಅಮೆರಿಕದ ಸಂಸತ್ತಿನ ಗ್ರಂಥಾಲಯ ‘ರ‍್ಯಾಪರ್ಸ್ ಡಿಲೈಟ್’ ಹಾಡನ್ನು ಕಾಪಾಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿಕೊಂಡಿತು. ಸಿಲ್ವಿಯಾ ತೀರಿಕೊಂಡದ್ದೂ ಅದೇ ವರ್ಷ. ಹ್ಯಾಂಕ್ 2014ರಲ್ಲಿ ಹೋದ.

ನಮ್ಮ ದೇಶಕ್ಕೆ ಈ ಅಲೆ ಬಂದದ್ದು ಆ ಡಿಸ್ಕು ಹೊರಬಂದು ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ, ಅದೂ ಎರವಲಿನ ಸರಪಳಿ ಹಿಡಿದೇ. ಬ್ರಿಟನ್ನಿನ ಕ್ವೀನ್ ತಂಡವೂ ಡೇವಿಡ್ ಬೋವಿಯೂ 1981ರಲ್ಲಿ ಮಾಡಿದ ಒಂದು ಹಾಡಿನ ಬೇಸನ್ನು 1990ರಲ್ಲಿ ವನಿಲ್ಲಾ ಐಸ್ ಎಂಬ ಬಿಳಿಯ ರ‍್ಯಾಪರ್ ಹೆಸರು ಹೇಳದೆ ಎತ್ತಿಕೊಂಡ, ಆಮೇಲೆ ದುಡ್ಡು ತೆತ್ತ. ಅವನ ಆ ಹಾಡಿನ ಅಚ್ಚಿನಲ್ಲೇ 1992ರಲ್ಲಿ ಬಾಬಾ ಸೆಹಗಲ್ ಹಿಂದಿಯಲ್ಲಿ ‘ಠಂಡಾ ಠಂಡಾ ಪಾನಿ’ ಹಾಡಿದ. ಟೀವಿ ಇದ್ದ ಮನೆಗಳಲ್ಲಿ ಮಕ್ಕಳು ಮೊದಲು ಬಾಯಿಪಾಠ ಮಾಡಿದ ರ‍್ಯಾಪ್ ಅದು.

ಆದರೆ ಹೊಸೂರು ಕೃಷ್ಣಗಿರಿ ಸೀಮೆಯ ಬೀದಿಗೆ ರ‍್ಯಾಪ್ ಇಳಿದದ್ದು 1994ರ ‘ಕಾದಲನ್’ ಚಿತ್ರದ ‘ಪೇಟ್ಟೈ ರ‍್ಯಾಪ್’ ಹಾಡಿನಿಂದ. ಶಂಕರ್ ನಿರ್ದೇಶನ, ಎ. ಆರ್. ರೆಹಮಾನ್ ಸಂಗೀತ. ಮದರಾಸಿನ ಬೀದಿ ಭಾಷೆಯನ್ನೇ ತಾಳಕ್ಕೆ ಕಟ್ಟಿದ ಹಾಡು. ಹಾಡಿದವರಲ್ಲಿ ಸುರೇಶ್ ಪೀಟರ್ಸ್, ಶಾಹುಲ್ ಹಮೀದ್ ಅವರ ಜತೆ ತೇನಿ ಕುಂಜರಮ್ಮಾಳ್ ಇದ್ದರು, ತೇನಿ ಕಡೆಯ ಜನಪದ ಹಾಡುಗಾರ್ತಿ. ಬ್ರಾಂಕ್ಸಿನ ತಾಳದ ಮೇಲೆ ಹಳ್ಳಿಯ ಆ ಕಂಚಿನ ಕಂಠ ಕೂತದ್ದು ಎಷ್ಟು ಸಹಜವಾಗಿತ್ತೆಂದರೆ, ಇದು ಹೊರಗಿನಿಂದ ಬಂದದ್ದು ಅಂತ ನಮ್ಮ ಕಡೆ ಯಾರಿಗೂ ಅನ್ನಿಸಲಿಲ್ಲ. ಕುಣಿದವರು ಪ್ರಭುದೇವ. ಹುಟ್ಟಿದ್ದು ಮೈಸೂರಿನಲ್ಲಿ, ತಂದೆ ಟಿ. ನರಸೀಪುರ ತಾಲ್ಲೂಕಿನ ಮೂಗೂರಿನ ಹೆಸರನ್ನೇ ಹೊತ್ತ ನೃತ್ಯ ನಿರ್ದೇಶಕ ಮೂಗೂರು ಸುಂದರ್. ಕನ್ನಡದ ಮನೆಯ ಹುಡುಗ ತಮಿಳು ಬೀದಿಯ ಹಾಡಿಗೆ ಅಮೆರಿಕದ ಹೆಜ್ಜೆ ಹಾಕಿದ್ದು ಗಡಿಯ ನಮಗೆ ವಿಚಿತ್ರ ಅಲ್ಲವೇ ಅಲ್ಲ. ನಮ್ಮ ಬದುಕೇ ಹಾಗಿದೆ. ಅದೇ ಚಿತ್ರ ‘ಪ್ರೇಮಿಕುಡು’ ಆಗಿ ತೆಲುಗಿಗೂ ಹೋಯಿತು. ಅಲ್ಲಿಗೆ ಒಂದೇ ಬೀದಿಯ ಎರಡು ಮನೆಗಳಲ್ಲಿ ಒಂದೇ ತಾಳ ಎರಡು ಭಾಷೆಯಲ್ಲಿ ಕೇಳಿಸಲು ಶುರುವಾಯಿತು.

ನಲವತ್ತು ಕಿಲೋಮೀಟರ್ ಆಚೆಯ ಬೆಂಗಳೂರಿನಲ್ಲಿ ಇದು ಬೇರೆ ದಾರಿ ಹಿಡಿಯಿತು. ಬ್ರೋಧಾ ವಿ, ಸ್ಮೋಕಿ ದ ಘೋಸ್ಟ್ ಮೊದಲಾದವರು ಇಂಗ್ಲಿಷಿನಲ್ಲಿ ಶುರು ಮಾಡಿದರು. 2012ರಲ್ಲಿ ಬ್ರೋಧಾ ವಿ ರಾಮನ ಭಜನೆಯನ್ನು ಸೇರಿಸಿ ‘ಆತ್ಮ ರಾಮ’ ಮಾಡಿದ. ಕನ್ನಡದಲ್ಲಿ ಆಲ್ ಓಕೆ ತನ್ನ ಜಾಗ ಮಾಡಿಕೊಂಡ. 2016ರಲ್ಲಿ ಚಂದನ್ ಶೆಟ್ಟಿಯ ‘3 ಪೆಗ್’ ಬಂದ ಮೇಲೆ ಮದುವೆ ರಿಸೆಪ್ಷನ್ನಿನ ಡಿಜೆ ಅದನ್ನು ಹಾಕದೆ ಮನೆಗೆ ಹೋಗುವ ಹಾಗಿರಲಿಲ್ಲ. ಕುಡಿತದ ಹಾಡು, ಅರ್ಥವಿಲ್ಲದ ಹಾಡು ಅಂತ ಬೈದವರು ಬಹಳ. ಕುಡಿತ ಮೆರೆಸುವುದು ನನಗೂ ಹಿಡಿಸುವುದಿಲ್ಲ. ಆದರೆ ಕುಣಿಸುವ ಹಾಡು ಕೀಳು, ಪ್ರತಿಭಟಿಸುವ ಹಾಡು ಮೇಲು ಅನ್ನುವ ತಕ್ಕಡಿಯನ್ನು ನಾನು ಒಪ್ಪಲಾರೆ. ‘ರ‍್ಯಾಪರ್ಸ್ ಡಿಲೈಟ್’ ಬರದೇ ಇದ್ದಿದ್ದರೆ ‘ದ ಮೆಸೇಜ್’ ಮುದ್ರಿಸಲು ಆ ಕಂಪನಿಯೇ ಇರುತ್ತಿರಲಿಲ್ಲ.

ತಮಿಳಿನ ಈಚಿನ ಒಂದು ಪ್ರಸಂಗ ನೋಡಿ. 2021ರ ಮಾರ್ಚಿನಲ್ಲಿ ‘ಎಂಜಾಯ್ ಎಂಜಾಮಿ’ ಬಂತು. ಧೀ, ಅರಿವು ಹಾಡಿದ್ದು, ಸಂತೋಷ್ ನಾರಾಯಣನ್ ನಿರ್ಮಿಸಿದ್ದು. ಮೇಲುನೋಟಕ್ಕೆ ಕುಣಿತದ ಹಾಡು, ಒಳಗೆ ಶ್ರೀಲಂಕಾದ ಚಹಾ ತೋಟಗಳಲ್ಲಿ ದುಡಿದು ಬರಿಗೈಯಲ್ಲಿ ಮರಳಿದ ಅರಿವು ಅವರ ಅಜ್ಜಿ ವಳ್ಳಿಯಮ್ಮಾಳ್ ಅವರ ಕತೆ, ನೆಲವಿಲ್ಲದವರ ಕತೆ. ನಮ್ಮ ಕಡೆಯ ಊರುಗಳಲ್ಲಿ ಪುಟ್ಟ ಮಕ್ಕಳೂ ಅದಕ್ಕೆ ಕುಣಿದರು. ಅದೇ ವರ್ಷದ ಆಗಸ್ಟಿನಲ್ಲಿ ಒಂದು ಸಂಗೀತ ಪತ್ರಿಕೆಯ ಮುಖಪುಟದಲ್ಲಿ ಅರಿವು ಇರಲಿಲ್ಲ, ನಿರ್ದೇಶಕ ಪಾ. ರಂಜಿತ್ ಅದನ್ನು ಬಹಿರಂಗವಾಗಿ ಪ್ರಶ್ನಿಸಿದರು. 2022ರ ಜುಲೈ 28ರಂದು ಚೆನ್ನೈನ ಚೆಸ್ ಒಲಿಂಪಿಯಾಡ್ ಉದ್ಘಾಟನೆಯಲ್ಲಿ ಆ ಹಾಡು ಅರಿವು ಇಲ್ಲದೆಯೇ ನಡೆಯಿತು. ಪದ ನನ್ನದು, ಹಗಲಿರುಳು ಕೂತು ಕಟ್ಟಿದವನು ನಾನು ಅಂತ ಅರಿವು ಬರೆದರು. ಮೂವರದೂ ಸಮಪಾಲು ಅಂತ ಸಂತೋಷ್ ನಾರಾಯಣನ್ ಉತ್ತರ ಕೊಟ್ಟರು. ಅವರವರ ನಡುವಿನ ಲೆಕ್ಕವನ್ನು ತೀರ್ಮಾನಿಸಲು ನಾನು ಯಾರೂ ಅಲ್ಲ. ಆದರೆ ಎಂಗಲ್‌ವುಡ್‌ನ ಪ್ರಶ್ನೆ ನಾಲ್ಕು ದಶಕ ದಾಟಿ ಚೆನ್ನೈಗೆ ಬಂದು ನಿಂತಿತ್ತು. ಒಂದು ವ್ಯತ್ಯಾಸ ಮಾತ್ರ: ಅರಿವು ಅವರ ಹೆಸರು ಪಟ್ಟಿಯಲ್ಲಿದೆ, ಮೊಮ್ಮಗ ಎತ್ತಿದ ದನಿಗೆ ಲಕ್ಷಾಂತರ ಜನ ದನಿಗೂಡಿಸಿದರು.

ನಮ್ಮ ಹುಡುಗರ ನೋಟ್‌ಬುಕ್ಕಿನ ಮಾತು ಹೇಳಿ ಮುಗಿಸುತ್ತೇನೆ. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ಇಲ್ಲಿನ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಹಂತಹಂತವಾಗಿ ತಮಿಳು ಕಡ್ಡಾಯವಾಯಿತು. ಅದಕ್ಕೂ ಮುಂಚಿನಿಂದಲೇ ಕನ್ನಡದ ಮನೆಯ ಬಹಳಷ್ಟು ಮಕ್ಕಳು ಓದಿದ್ದು ತಮಿಳಿನಲ್ಲಿ. ಹಾಗಾಗಿ ಕನ್ನಡ ಬಾಯಲ್ಲಿದೆ, ಕೈಯಲ್ಲಿಲ್ಲ. ಕೆಲಮಂಗಲದ ಕಡೆಯ ಒಬ್ಬ ಹುಡುಗ ತಾನು ಕಟ್ಟಿದ ಕನ್ನಡ ಪದ ತೋರಿಸಿದ. ಬರೆದದ್ದು ತಮಿಳು ಲಿಪಿಯಲ್ಲಿ. ಆ ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಪ, ಬ ಎರಡಕ್ಕೂ ಒಂದೇ. ತ, ದ ಎರಡಕ್ಕೂ ಒಂದೇ. ಬರೆದದ್ದು ಗಾಳಿಯೋ ಕಾಳಿಯೋ, ಬಾಯಿಯೋ ಪಾಯಿಯೋ, ನನಗೆ ಗೊತ್ತಾಗಲಿಲ್ಲ. ಅವನು ಓದಿದ. ಓದಿದಾಗ ಅಪ್ಪಟ ನಮ್ಮ ಸೀಮೆಯ ಕನ್ನಡ, ನಡುನಡುವೆ ತೆಲುಗು, ಪ್ರಾಸ ತಪ್ಪದ ಹಾಗೆ. ಕ್ಯಾಸ್‌ನ ಕತೆಯನ್ನೂ ಅಂಕಿತದ ಕತೆಯನ್ನೂ ಅವನಿಗೆ ಹೇಳಿದೆ.

“ಹಂಗಾದ್ರೆ ಹೆಸರು ಎಲ್ಲಿ ಹಾಕೋದಣ್ಣಾ, ಮೊದಲೇ ಹಾಕೋದಾ, ಕೊನೇಲಾ?” ಅಂದ.

ಲಾವಣಿಯವರು ಕೊನೆಯಲ್ಲಿ ಹಾಕ್ತಾರೆ, ಬ್ರಾಂಕ್ಸಿನವರು ಸಾಲಿನ ನಡುವೆಯೇ ಹಾಕಿದರು, ನಿನ್ನ ತಾಳ ಎಲ್ಲಿ ಜಾಗ ಕೊಡುತ್ತೋ ಅಲ್ಲಿ ಹಾಕಪ್ಪ, ಆದರೆ ಪ್ರಾಸಕ್ಕೆ ಸೇರಿಸಿ ಹಾಕು ಅಂದೆ. ಕೆಲಮಂಗಲಕ್ಕೆ ಯಾವ ಪದ ಹೊಂದುತ್ತೆ ಅಂತ ಹುಡುಕಲು ಅಲ್ಲೇ ಕೂತ.